ಚಪ್ಪಲಿ ಸರಿ ಇದೆ, ಕಾಲು ಉಲ್ಟಾ ಇದೆ: ನಿಮ್ಮ ಮನೆಯ ಪುಟಾಣಿಗಳು ಏನೇನು ಹೇಳ್ತಾರೆ?

ತುಂಗೆಯ ದಡ, ಶಿವಮೊಗ್ಗ

ನಮ್ಮ ಮಗಳಿಗೆ ಮೂರೂವರೆ ವರ್ಷ. ಈಗ ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಕೇಳುವ ಮಾತು ಎರಡೇ. ಒಂದು "ಯಾಕೆ?", ಇನ್ನೊಂದು "ನಾನೇ!". ಹಲ್ಲುಜ್ಜುವುದು ನಾನೇ, ಲೋಟಕ್ಕೆ ನೀರು ಹಾಕಿಕೊಳ್ಳುವುದು ನಾನೇ, ಗೇಟಿನ ಚಿಲಕ ಹಾಕುವುದೂ ನಾನೇ. ಚಿಲಕ ಅವಳಿಗೆ ಎಟುಕುವುದಿಲ್ಲ. ಎತ್ತಿ ಹಿಡಿಯಲು ಹೋದರೆ ಸಿಟ್ಟು. "ಎತ್ಬೇಡ, ನಾನೇ ಎತ್ತರ ಆಗ್ತೀನಿ" ಅಂತ ಗೇಟಿನ ಹತ್ತಿರ ನಿಂತು ಕಾಯುತ್ತಾಳೆ. ಪಾಪ, ನಿಜವಾಗಿಯೂ ಕಾಯುತ್ತಾಳೆ.

ಮೊನ್ನೆ ಚಪ್ಪಲಿ ಎಡಬಲ ಅದಲುಬದಲು ಹಾಕಿಕೊಂಡು ಹೊರಟಳು. "ಪುಟ್ಟಿ, ಉಲ್ಟಾ ಹಾಕಿದೀಯ" ಅಂದೆ. ಬಗ್ಗಿ ನೋಡಿದಳು. ಒಂದು ಕಾಲು ಎತ್ತಿ ನೋಡಿದಳು. ಆಮೇಲೆ "ಚಪ್ಪಲಿ ಸರಿ ಇದೆ ಅಮ್ಮ, ಕಾಲು ಉಲ್ಟಾ ಇದೆ" ಅಂದು ನಡೆದೇಬಿಟ್ಟಳು.

ರಾತ್ರಿ ಮಲಗಿಸುವಾಗ "ನಿದ್ದೆ ಬಂತಾ?" ಅಂತ ಕೇಳಿದರೆ "ಇನ್ನೂ ಇಲ್ಲ, ಬಸ್ ಸ್ಟ್ಯಾಂಡಲ್ಲಿದೆ" ಅನ್ನುತ್ತಾಳೆ. ಅರ್ಧ ಗಂಟೆ ಬಿಟ್ಟು ಕೇಳಿದರೆ "ಆಟೋ ಸಿಗ್ತಿಲ್ಲ ಅದಕ್ಕೆ".

ನಮ್ಮತ್ತೆ ಅವಳಿಗೆ ಒಂದು ಅಭ್ಯಾಸ ಮಾಡಿಸಿದ್ದಾರೆ. ಹೊರಡುವಾಗ "ಹೋಗ್ತೀನಿ" ಅನ್ನಬಾರದು, "ಹೋಗಿ ಬರ್ತೀನಿ" ಅನ್ನಬೇಕು. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಾಳೆ ಅಂದರೆ, ಬಚ್ಚಲಿಗೆ ಹೋಗುವಾಗಲೂ ಮನೆಯವರಿಗೆಲ್ಲ ಹೇಳಿಯೇ ಹೋಗುವುದು. ಹೋದ ವಾರ ಮಳೆ ಜೋರಾಗಿ ಕರೆಂಟ್ ಹೋಯ್ತು. "ಅಯ್ಯೋ, ಕರೆಂಟ್ ಹೋಯ್ತು" ಅಂತ ನಾನು ಮೇಣದಬತ್ತಿ ಹುಡುಕುತ್ತಿದ್ದೆ. ಕತ್ತಲಲ್ಲಿ ಹಿಂದಿನಿಂದ ಗದರುವ ದನಿ: "ಹೇಳ್ದೇನೇ ಹೋಯ್ತಾ? ಹೋಗಿ ಬರ್ತೀನಿ ಅನ್ಲಿಲ್ವಾ? ಬರ್ಲಿ ಅದು, ಅಜ್ಜಿ ಹತ್ರ ಬೈಸ್ತೀನಿ."

ಇಂಥ ಮಾತು ಬಂದಾಗ ನಮ್ಮ ಯಜಮಾನರು ಅಡುಗೆಮನೆಗೆ ಓಡಿಹೋಗಿ ನಗುತ್ತಾರೆ. ಅವಳ ಎದುರು ನಗಬಾರದು ಅಂತ ನಾವಿಬ್ಬರೂ ಮಾಡಿಕೊಂಡ ಒಪ್ಪಂದ. ಯಾಕಂದರೆ ಅವಳು ತಮಾಷೆ ಮಾಡುತ್ತಿಲ್ಲ. ತನಗೆ ಗೊತ್ತಿರುವಷ್ಟರಲ್ಲಿ ಲೆಕ್ಕ ಹಾಕಿ, ಸರಿಯಾದ ಉತ್ತರವನ್ನೇ ಹೇಳುತ್ತಿದ್ದಾಳೆ. ಹೋಗುವವರೆಲ್ಲ ಹೇಳಿ ಹೋಗಬೇಕು ಅಂತ ಕಲಿಸಿದ್ದು ನಾವೇ ಅಲ್ವಾ? ಕರೆಂಟಿಗೆ ಮಾತ್ರ ರಿಯಾಯ್ತಿ ಯಾಕೆ?

ನಿಮ್ಮ ಮನೆಯ ಮಾತುಗಳನ್ನೂ ಹಾಕಿ. ಬುದ್ಧಿವಾದ ಕಡಿಮೆ ಇರಲಿ, ಅದು ನನಗೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತೆ.

ಕಾವಲಿ ಮೇಲಿನ ದೋಸೆ, ದಾವಣಗೆರೆ

"ಆಟೋ ಸಿಗ್ತಿಲ್ಲ ಅದಕ್ಕೆ"!! ಆಫೀಸಲ್ಲಿ ಓದಿ ಜೋರಾಗಿ ನಕ್ಕೆ, ಪಕ್ಕದವರು ತಿರುಗಿ ನೋಡಿದರು.

ನಮ್ಮದು ಗಂಡು, ಎರಡೂ ಮುಕ್ಕಾಲು. ನಮ್ಮ ಮನೆಯ ಜಗಳವೆಲ್ಲ ದೋಸೆಯದು. ಬಿಸಿ ಇದೆ ಅಂತ ನಾನೇ ಮುರಿದು ತಟ್ಟೆಗೆ ಹಾಕಿದೆ. ಆಯ್ತು, ಭೂಮಿ ಆಕಾಶ ಒಂದು ಮಾಡಿದ. "ನಾನೇ ಮುರೀಬೇಕಿತ್ತು! ವಾಪಸ್ ಅಂಟ್ಸು!" ಇನ್ನೊಂದು ದೋಸೆ ಹೊಯ್ದು ಇಡೀದಾಗಿ ಕೊಟ್ಟರೆ ಅದನ್ನು ಮುಟ್ಟಲೇ ಇಲ್ಲ. "ಇದು ಬೇರೆ ದೋಸೆ" ಅಂದ. ಸರಿ, ಮುರಿದದ್ದಕ್ಕೆ ಚಟ್ನಿ ಬಳಿದು ಅಂಟಿಸಿದೆ. ಸಮಾಧಾನ ಆಯ್ತು. ಆಮೇಲೆ ಅದನ್ನೇ ಅವನ ಕೈಯಿಂದ ಮುರಿದು ತಿಂದ.

ಹುಬ್ಬಳ್ಳಿ ಅಪ್ಪ

ನಮ್ಮ ಮಗಳು ನಾಲ್ಕು ವರ್ಷದಾಕಿ. ಒಂದಿನ ಕೇಳಿದಳು, "ಅಪ್ಪಾ, ನೀ ಸಣ್ಣಾಂವ ಇದ್ದಾಗ ನಿನಗ ಯಾರು ಬೈತಿದ್ರು?" "ನಿಮ್ಮಜ್ಜ" ಅಂದೆ. ಸುಮ್ಮನಾದಳು. ಅಷ್ಟಕ್ಕೇ ಮುಗೀತು ಅಂದುಕೊಂಡೆ.

ಮರುದಿನ ಗೋಡೆ ಮೇಲೆ ಗೀಚಿದ್ದಕ್ಕೆ ನಾನು ಜೋರು ಮಾಡಿದೆ. ಅಳಲಿಲ್ಲ. ನೆಟ್ಟಗೆ ಕಟ್ಟೆ ಮೇಲೆ ಕೂತಿದ್ದ ಅಜ್ಜನ ಹತ್ತಿರ ಹೋಗಿ, "ಅಜ್ಜಾ, ನಿನ್ನ ಮಗಾ ನನಗ ಬೈದಾನ. ನೀ ಏಳು, ಅವಗ ಬೈ" ಅಂತ ಕೈ ಹಿಡಿದು ಎಳಕೊಂಡು ಬಂದಳು. ನಮ್ಮಪ್ಪ ಎಷ್ಟು ಖುಷಿಯಿಂದ ಬೈದರು ಅಂದರೆ, ಬಹಳ ವರ್ಷದ ಬಾಕಿ ಎಲ್ಲ ಅವತ್ತೇ ತೀರಿಸಿದರು.

ಕಂಡಕ್ಟರ್ ಅಣ್ಣ

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮಕ್ಕಳ ಮಾತು ನನಗೆ ದಿನಾ ಪುಕ್ಕಟೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೊಸ ಬಗೆಯ ಪ್ರಶ್ನೆ ಬರುತ್ತಿವೆ. ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಹರಿದು ಕೊಡಬೇಕು. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ.

ಒಂದು ಕುಟುಂಬ ಹತ್ತಿತು. ಅಮ್ಮನಿಗೆ ಕೊಟ್ಟೆ, ಎರಡನೇ ಕ್ಲಾಸಿನ ಅಕ್ಕನಿಗೆ ಕೊಟ್ಟೆ, ಅಪ್ಪನ ಹತ್ತಿರ ದುಡ್ಡು ತಗೊಂಡು ಕೊಟ್ಟೆ. ಕಿಟಕಿ ಪಕ್ಕ ಕೂತಿದ್ದ ಹುಡುಗ ಕೈ ಚಾಚಿಕೊಂಡೇ ಇದ್ದ. "ನಿಂಗೆ ಬೇಡ ಕಣೋ" ಅಂದೆ. ಗಾಬರಿಯಾಗಿ ಅಮ್ಮನ ಮುಖ ನೋಡಿದ. "ಅಮ್ಮಾ, ನಾನು ಬಸ್ಸಲ್ಲಿ ಇಲ್ವಾ?"

ಇನ್ನೊಬ್ಬ ಇದ್ದ. ಅಪ್ಪ ಮಾತ್ರ ದುಡ್ಡು ಕೊಡುವುದನ್ನು ನೋಡಿ, "ನಾನು ದೊಡ್ಡವನಾದ್ಮೇಲೆ ಅಪ್ಪ ಆಗಲ್ಲ, ಅಮ್ಮ ಆಗ್ತೀನಿ" ಅಂದ. ಇಡೀ ಬಸ್ಸು ನಕ್ಕಿತು. ಹುಡುಗ ಮುಖ ಕೆಂಪು ಮಾಡಿಕೊಂಡು ಅಮ್ಮನ ಸೆರಗಿನೊಳಗೆ ಹೋದವನು ಇಳಿಯುವವರೆಗೂ ಹೊರಗೆ ಬರಲಿಲ್ಲ. ತುಂಗೆಯ ದಡ ಅವರು ಹೇಳಿದ್ದು ಸರಿ. ಎದುರಿಗೆ ನಕ್ಕರೆ ಅವರಿಗೆ ನಾಚಿಕೆ ಆಗುತ್ತೆ.

ಕರಾವಳಿಯವಳು, ಮಂಗಳೂರು

ನಮ್ಮ ಮನೆಯಲ್ಲಿ ತುಳು. ಪ್ಲೇಹೋಮಿನಲ್ಲಿ ಕನ್ನಡ. ನನ್ನ ಮಗಳು ಯಾರ ಹತ್ತಿರ ಯಾವ ಭಾಷೆ ಅಂತ ಪಕ್ಕಾ ಹಂಚಿ ಇಟ್ಟಿದ್ದಾಳೆ. ಅಜ್ಜಿಗೆ ತುಳು, ಟೀಚರಿಗೆ ಕನ್ನಡ, ಬೆಕ್ಕಿಗೆ ತುಳು. ಬೀದಿನಾಯಿಗೆ ಯಾಕೋ ಕನ್ನಡ.

ಲಸಿಕೆಗೆ ಕರಕೊಂಡು ಹೋಗಿದ್ದೆ. ಡಾಕ್ಟರು ಬೆಂಗಳೂರು ಕಡೆಯವರು. ಹೊರಗೆ ಬೆಂಚಿನಲ್ಲಿ ಕೂತಾಗ ನನ್ನ ಕಿವಿಯಲ್ಲಿ ಕೇಳಿದಳು: "ಅಮ್ಮ, ಡಾಕ್ಟರಿಗೆ ತುಳು ಗೊತ್ತುಂಟಾ?" ಇಲ್ಲ ಅಂದೆ. ತುಂಬ ಯೋಚನೆಗೆ ಬಿದ್ದಳು. "ಹಾಗಾದ್ರೆ ಸೂಜಿ ಚುಚ್ಚುವಾಗ ನಾನು ಕನ್ನಡದಲ್ಲಿ ಅಳ್ಬೇಕಾ?"

ಎಂತ ಹೇಳುದು ಮಾರಾಯ್ರೆ! ನಗು ತಡೆಯಲು ಆಗಲಿಲ್ಲ. ಎದುರಿಗೇ ನಕ್ಕೆ. ಅವಳೂ ನಕ್ಕಳು. ನಗಬಾರದು ಅನ್ನುವುದೆಲ್ಲ ಸ್ವಲ್ಪ ಜಾಸ್ತಿ ಆಯ್ತು ಅಂತ ನನಗೆ ಅನ್ನಿಸುತ್ತೆ.

ಎರಡು ಮಕ್ಕಳ ತಾಯಿ, ಬೆಂಗಳೂರು

ಒಟ್ಟಿಗೆ ನಗುವುದು ಬೇರೆ, ಪ್ರದರ್ಶನಕ್ಕೆ ಇಡುವುದು ಬೇರೆ. ನನ್ನ ಕಿರಿಕಿರಿ ಎರಡನೆಯದ್ದು. ನೆಂಟರು ಬಂದ ಕೂಡಲೇ "ಅವತ್ತು ಹೇಳಿದ್ಯಲ್ಲ, ಮಾಮಂಗೆ ಇನ್ನೊಂದ್ಸಲ ಹೇಳು ಬಂಗಾರಿ" ಅಂತ ಶುರು. ಮಗು ಹೇಳಲ್ಲ. ಮತ್ತೆ ಒತ್ತಾಯ, ಚಾಕಲೇಟಿನ ಆಸೆ. ಕೊನೆಗೆ ಗಿಳಿಪಾಠ ಒಪ್ಪಿಸಿದ ಹಾಗೆ ಹೇಳುತ್ತೆ, ಎಲ್ಲರೂ ಗೊಳ್ ಅಂತ ನಗುತ್ತಾರೆ. ನನ್ನ ದೊಡ್ಡ ಮಗಳಿಗೆ ಹೀಗೆ ಮಾಡಿ ಮಾಡಿ, ಮನೆಗೆ ಯಾರಾದರೂ ಬಂದರೆ ರೂಮು ಸೇರಿಕೊಳ್ಳುವ ಹಾಗಾಯ್ತು. ಈಗ ಚಿಕ್ಕವನ ಮಾತು ಯಾರಿಗೂ ಹೇಳಿಸುವುದಿಲ್ಲ. ವಾಟ್ಸಾಪ್ ಸ್ಟೇಟಸ್ ಅಂತೂ ದೂರವೇ ಉಳಿಯಿತು.

ಕಾವಲಿ ಮೇಲಿನ ದೋಸೆ, ದಾವಣಗೆರೆ

ಸ್ಟೇಟಸ್‌ಗೆ ಹಾಕಿದರೆ ತಪ್ಪೇನು? ನಮ್ಮ ಅಪ್ಪ ಅಮ್ಮ ಹರಿಹರದಲ್ಲಿ ಇಬ್ಬರೇ ಇರುತ್ತಾರೆ. ಮೊಮ್ಮಗನ ವಿಡಿಯೋ ನೋಡುವುದೇ ಅವರಿಗೆ ಟಿವಿ. ನೀವು ಹೇಳುವ ಹಾಗೆ ಎಲ್ಲವನ್ನೂ ಮುಚ್ಚಿಟ್ಟರೆ ಮಕ್ಕಳು ಯಾರಿಗೋಸ್ಕರ ಮಾತಾಡಬೇಕು?

ಎರಡು ಮಕ್ಕಳ ತಾಯಿ, ಬೆಂಗಳೂರು

ಅಜ್ಜ ಅಜ್ಜಿಗೆ ಕಳಿಸಿ, ಯಾರು ಬೇಡ ಅಂದರು? ಸ್ಟೇಟಸ್ ನೋಡುವವರು ಅಜ್ಜ ಅಜ್ಜಿ ಮಾತ್ರ ಅಲ್ಲವಲ್ಲ. ಪ್ಲಂಬರೂ ನೋಡುತ್ತಾನೆ, ಹಳೆ ಮ್ಯಾನೇಜರೂ ನೋಡುತ್ತಾನೆ. ಬಚ್ಚಲುಮನೆಯ ಮಾತು, ಚಡ್ಡಿ ಇಲ್ಲದೆ ಓಡುವ ವಿಡಿಯೋ ಎಲ್ಲ ಹಾಕಿರುವವರನ್ನು ನೋಡಿದ್ದೇನೆ. ಅದೇ ಮಗು ಹತ್ತನೇ ಕ್ಲಾಸಿಗೆ ಬಂದಾಗ ಗೆಳೆಯರ ಫೋನಿನಲ್ಲಿ ಅದು ತಿರುಗಿದರೆ?

ಕಾವಲಿ ಮೇಲಿನ ದೋಸೆ, ದಾವಣಗೆರೆ

ಚಡ್ಡಿ ವಿಡಿಯೋ ನಾನು ಹಾಕಿಲ್ಲ ತಾಯಿ. ದೋಸೆ ವಿಡಿಯೋ ಹಾಕಿದೀನಿ, ಅದು ಇರುತ್ತೆ.

ಕನ್ನಡ ಮೇಷ್ಟ್ರು, ಮೈಸೂರು

ನಿವೃತ್ತನಾಗಿದ್ದೇನೆ, ಈಗ ಮೊಮ್ಮಗನೇ ಪಾಠ. ಅವನಿಗೆ ಮೂರು ದಾಟಿದೆ. ನಿನ್ನೆ ಅಂಗಳದಲ್ಲಿ ಬಿದ್ದು ಬಂದು, "ತಾತ, ನಾನು ಬೀಳಿದೆ" ಅಂದ. ಆರು ತಿಂಗಳ ಹಿಂದೆ ಇದೇ ಹುಡುಗ "ಬಿದ್ದೆ" ಅಂತ ಸರಿಯಾಗಿಯೇ ಹೇಳುತ್ತಿದ್ದ. ಸೊಸೆಗೆ ಗಾಬರಿ, ಮಗು ಹಿಂದೆ ಹೋಗುತ್ತಿದೆಯಾ ಅಂತ.

ಹಿಂದೆ ಅಲ್ಲ, ಮುಂದೆ ಹೋಗುತ್ತಿದ್ದಾನೆ. ಮೊದಲು "ಬಿದ್ದೆ" ಅನ್ನುವುದನ್ನು ಕೇಳಿದ್ದು ಕೇಳಿದ ಹಾಗೆ ಹೇಳುತ್ತಿದ್ದ. ಈಗ ಮಾಡು, ಮಾಡಿದೆ, ಓಡು, ಓಡಿದೆ, ಹಾಡು, ಹಾಡಿದೆ ಅನ್ನುವ ಜಾಡು ಅವನಿಗೆ ಸಿಕ್ಕಿದೆ. ಯಾರೂ ಹೇಳಿಕೊಟ್ಟಿಲ್ಲ, ತಾನೇ ಹಿಡಿದಿದ್ದಾನೆ. ಹಿಡಿದ ಮೇಲೆ ಎಲ್ಲದಕ್ಕೂ ಹಾಕಿ ನೋಡುತ್ತಿದ್ದಾನೆ: ಬೀಳಿದೆ, ಏಳಿದೆ, "ಅಜ್ಜಿ ಉಂಡೆ ಕೊಡಿದ್ರು, ನಾನು ತಿನ್ನಿದೆ". ನಮ್ಮ ಭಾಷೆಯೇ ಬಿದ್ದೆ, ಎದ್ದೆ, ಕೊಟ್ಟರು, ತಿಂದೆ ಅಂತ ದಾರಿ ತಪ್ಪಿಸಿದರೆ ಅವನೇನು ಮಾಡಿಯಾನು? ಮಕ್ಕಳು ಹೀಗೆ ಹೊಸ ಪದಕ್ಕೂ ನಿಯಮ ಹಚ್ಚುತ್ತಾರೆ ಅನ್ನುವುದನ್ನು ಅಮೆರಿಕದ ಜೀನ್ ಬರ್ಕೊ 1958ರಲ್ಲೇ ತೋರಿಸಿದ್ದರು. ಇಲ್ಲದ ಒಂದು ಪ್ರಾಣಿಯ ಚಿತ್ರ ಬರೆದು, ಅದಕ್ಕೊಂದು ಇಲ್ಲದ ಹೆಸರು ಕೊಟ್ಟು, "ಎರಡಿದ್ದರೆ ಏನಂತೀರಿ?" ಅಂತ ಮಕ್ಕಳನ್ನು ಕೇಳಿದರು. ಎಂದೂ ಕೇಳದ ಪದಕ್ಕೂ ಮಕ್ಕಳು ಬಹುವಚನ ಮಾಡಿ ಹೇಳಿದರು.

"ಬೀಳಿದೆ ಅಲ್ಲ, ಬಿದ್ದೆ ಅನ್ನು" ಅಂತ ತಿದ್ದಲು ಹೋಗಬೇಡಿ. ಮಂಡಿ ತರಚಿಕೊಂಡು ಬಂದವನಿಗೆ ವ್ಯಾಕರಣ ಹೇಳುವುದೇ? "ಹೌದಾ, ಬಿದ್ಯಾ? ಎಲ್ಲಿ ಬಿದ್ದೆ, ತೋರ್ಸು" ಅನ್ನಿ. ಸರಿಯಾದ ಮಾತು ಕಿವಿಗೆ ಬಿದ್ದ ಹಾಗೂ ಆಯ್ತು, ಮಂಡಿ ನೋಡಿದ ಹಾಗೂ ಆಯ್ತು.

ಹ್ಞಾಂ, ನನ್ನ ಹಲ್ಲಿನ ಸೆಟ್ಟು ರಾತ್ರಿ ಲೋಟದ ನೀರಿನಲ್ಲಿರುತ್ತದೆ. ಬೆಳಿಗ್ಗೆ ಹಾಲಿನವನು ಗಟ್ಟಿಯಾಗಿ ಕೂಗಿದರೆ ಇವನು ಬಾಗಿಲಿಗೆ ಓಡಿ, ತುಟಿ ಮೇಲೆ ಬೆರಳಿಟ್ಟು, "ಶ್! ತಾತನ ಹಲ್ಲು ಮಲ್ಗಿದೆ" ಅನ್ನುತ್ತಾನೆ. ಬೀದಿಗೆಲ್ಲ ಗೊತ್ತಾಗಿದೆ.

ಹೊಸ ಅಪ್ಪ

ಎಲ್ಲರ ಮಾತು ಓದಿ ಖುಷಿ ಆಯ್ತು, ಜೊತೆಗೆ ಹೊಟ್ಟೆಯೊಳಗೆ ಸಂಕಟವೂ ಆಯ್ತು. ನನ್ನ ಮಗನಿಗೆ ಎರಡೂವರೆ. ಅಮ್ಮ, ಅಪ್ಪ, ಬಾ, ಬೇಡ, ನಾಯಿಗೆ "ಬೌ", ಅಷ್ಟೇ. ಎರಡು ಪದ ಸೇರಿಸಿ ಹೇಳುವುದಿಲ್ಲ. ಮನೆಯಲ್ಲಿ "ಗಂಡುಮಕ್ಕಳು ಲೇಟು, ನೀನೂ ಮೂರು ವರ್ಷಕ್ಕೇ ಮಾತಾಡಿದ್ದು" ಅನ್ನುತ್ತಾರೆ. ಬಟ್ಟೆ ಹಾಕಿಕೊಳ್ಳುವುದು, ಊಟ ಎಲ್ಲ ಚೆನ್ನಾಗಿ ತಾನೇ ಮಾಡಿಕೊಳ್ಳುತ್ತಾನೆ. ಕಾಯಬೇಕಾ?

ಅಂಗನವಾಡಿ ಅಕ್ಕ, ತಿ. ನರಸೀಪುರ

ಕಾಯಬೇಡಿ ಅಣ್ಣ. ಹೆದರಲೂ ಬೇಡಿ. ಎರಡು ವರ್ಷದ ಹೊತ್ತಿಗೆ "ಅಮ್ಮ ಬಾ", "ಹಾಲು ಬೇಡ" ಅಂತ ಎರಡು ಪದ ಕೂಡಿಸುತ್ತಾರೆ. ಎರಡೂವರೆಗೂ ಬಂದಿಲ್ಲ ಅಂದರೆ ಒಮ್ಮೆ ತೋರಿಸುವುದು ಒಳ್ಳೆಯದು. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಬಾಗಿಲ ಸದ್ದಿಗೆ ತಿರುಗುತ್ತಾನೆ, ಹಾಗಾಗಿ ಕಿವಿ ಸರಿ ಇದೆ ಅಂತ ನಾವೇ ತೀರ್ಮಾನ ಮಾಡಬಾರದು, ಸ್ವಲ್ಪ ಮಾತ್ರ ಕೇಳುವ ಮಕ್ಕಳೂ ಇರುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಆಯಿಷ್ ಅಂತಾರೆ, ಅಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ದೂರ ಅಂದರೆ ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತದೆ, ಅವರಿಗೂ ತೋರಿಸಬಹುದು. ಎಷ್ಟೋ ಮಕ್ಕಳು ಆಮೇಲೆ ಗಡಗಡ ಮಾತಾಡಿದ್ದಾರೆ. ಆದರೆ ಯಾರು ತಾವಾಗಿ ಮಾತಾಡುತ್ತಾರೆ, ಯಾರಿಗೆ ಸಹಾಯ ಬೇಕು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ.

ಇನ್ನು ನಮ್ಮ ಕೇಂದ್ರದ ಮಾತು. ತಿಂಗಳಿಗೊಮ್ಮೆ ಮಕ್ಕಳ ತೂಕ ಮಾಡುತ್ತೇವೆ. ತರಕಾರಿ ವ್ಯಾಪಾರದವರ ಮಗ ಒಬ್ಬ, ತಕ್ಕಡಿ ಮೇಲೆ ನಿಂತು ಗಂಭೀರವಾಗಿ ಕೇಳಿದ: "ಟೀಚರ್, ನಾನು ಕೇಜಿಗೆ ಎಷ್ಟು?" ಪಕ್ಕದಲ್ಲಿದ್ದ ಹುಡುಗಿ ಉತ್ತರ ಕೊಟ್ಟಳು. "ನಿಂಗೆ ಸಿಂಬಳ ಸೋರ್ತಿದೆ, ಕಮ್ಮಿ ರೇಟು."

ಇನ್ನೊಬ್ಬ ಎರಡು ದಿನ ಬಂದಿರಲಿಲ್ಲ. ಯಾಕೋ ಅಂದರೆ, "ನಾಳೆ ನಾನು ಬಂದಿರ್ಲಿಲ್ಲ ಟೀಚರ್, ಯಾಕಂದ್ರೆ ನಿನ್ನೆ ಜಾತ್ರೆಗೆ ಹೋಗ್ತೀನಿ" ಅಂದ. ನಿನ್ನೆ, ನಾಳೆ ಎರಡೂ ಅವರಿಗೆ ಒಂದೇ. ಇವತ್ತಲ್ಲ ಅಂತ ಮಾತ್ರ ಗೊತ್ತು.

ನಮ್ಮ ತಾಲ್ಲೂಕಿನಲ್ಲೇ 1975ರ ಅಕ್ಟೋಬರ್ 2ರಂದು ರಾಜ್ಯದ ಮೊದಲ ಅಂಗನವಾಡಿಗಳು ಶುರುವಾಗಿದ್ದು. ಆಗ ಮಕ್ಕಳಾಗಿ ಬಂದವರಲ್ಲಿ ಕೆಲವರು ಈಗ ಮೊಮ್ಮಕ್ಕಳನ್ನು ಬಿಡಲು ಬರುತ್ತಾರೆ. ಬಾಗಿಲಲ್ಲಿ ನಿಂತು "ನನ್ ಕೂಸು ಒಬ್ಳೇ ಉಣ್ಣಾಕಿಲ್ಲ ಕಣವ್ವ" ಅನ್ನುತ್ತಾರೆ. ಅದೇ ಕೂಸು ಒಳಗೆ ತನ್ನ ತಟ್ಟೆ ಖಾಲಿ ಮಾಡಿ ಪಕ್ಕದವನಿಗೆ ಮೊಟ್ಟೆ ಸುಲಿದು ಕೊಡುತ್ತಿರುತ್ತದೆ. ಅಜ್ಜಿಗೆ ಹೇಳಿದರೆ ನಂಬುವುದಿಲ್ಲ. ಒಂದು ದಿನ ಕಿಟಕಿಯಿಂದ ತೋರಿಸಿದೆ. ಅಜ್ಜಿಗೆ ಖುಷಿಗಿಂತ ಬೇಜಾರೇ ಜಾಸ್ತಿ ಆದ ಹಾಗಿತ್ತು.

ಹೊಸ ಅಪ್ಪ

ಥ್ಯಾಂಕ್ಸ್ ಅಕ್ಕ. ಸೋಮವಾರ ರಜೆ ಹಾಕಿ ಹೋಗುತ್ತೇನೆ.

ಕರಾವಳಿಯವಳು, ಮಂಗಳೂರು

ಹೊಸ ಅಪ್ಪ ಅವರೇ, ಒಂದು ಸೇರಿಸುತ್ತೇನೆ. ಮನೆಯಲ್ಲಿ ಎರಡು ಭಾಷೆ ಇರುವುದರಿಂದ ಮಾತು ತಡ ಆಗಿದೆ, ಒಂದನ್ನು ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನಮಗೂ ಹೇಳಿದ್ದರು. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಕ್ಕಳಿಗೆ ತೊಂದರೆ ಆಗುವುದಿಲ್ಲ.

ತುಮಕೂರು ಮುದ್ದೆ

ನಮ್ಮ ಕಡೆ ಸ್ವಾತಂತ್ರ್ಯ ಅಂದರೆ ತಾನೇ ಮುದ್ದೆ ನುಂಗುವುದು. ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಮಗಳು ನಾಲ್ಕು ವರ್ಷದವಳು, ಇಷ್ಟು ದಿನ ನಾನೇ ಸಣ್ಣ ತುತ್ತು ಮಾಡಿ ಸಾರಿಗೆ ಅದ್ದಿ ಬಾಯಿಗೆ ಇಡುತ್ತಿದ್ದೆ. ಒಂದು ದಿನ ಕೈ ತಳ್ಳಿದಳು. ಮುರಿಯಲು ಹೋದರೆ ಮುದ್ದೆ ಬೆರಳಿಗೆ ಅಂಟಿತು. ಬೆರಳು ಸಾರಲ್ಲಿ ಅದ್ದಿಕೊಂಡು ಮತ್ತೆ ಮುರಿದಳು. ಈ ಸಲ ಬಂತು. ಗೋಲಿಯಷ್ಟು ಸಣ್ಣದು. ಬಾಯಿಗೆ ಹಾಕಿ ಅಗಿಯತೊಡಗಿದಳು. "ಅಗೀಬಾರ್ದು ಮಗಳೇ, ನುಂಗ್ಬೇಕು" ಅಂದೆ. ಬಾಯಿ ನಿಲ್ಲಿಸಿ ಕೇಳಿದಳು.

"ಹೊಟ್ಟೇಲಿ ಹಲ್ಲಿದ್ಯಾ?"

ಇಲ್ಲ ಅಂದೆ. "ಮತ್ತೆ ಯಾರು ಅಗೀತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಅಗಿದೇ ತಿಂದಳು, ಈಗಲೂ ಅಗಿದೇ ತಿನ್ನುತ್ತಾಳೆ. ನಮ್ಮವ್ವನಿಗೆ ಮಾತ್ರ ಇದು ಮಾನ ಮರ್ಯಾದೆ ಪ್ರಶ್ನೆ ಆಗಿದೆ.

ಎಡಿಸನ್ ಅಮ್ಮ, ನ್ಯೂಜೆರ್ಸಿ

ನಮ್ಮ ಮಗ ಇಲ್ಲೇ ಹುಟ್ಟಿದವನು. ಅಜ್ಜಿಯನ್ನು ಮೂರು ವರ್ಷ ಫೋನಿನಲ್ಲಿ ಮಾತ್ರ ನೋಡಿದ್ದ. ನನ್ನಮ್ಮ ಫೋನನ್ನು ಮುಖಕ್ಕೆ ತೀರಾ ಹತ್ತಿರ ಹಿಡಿಯುತ್ತಾರೆ, ಅರ್ಧ ಹಣೆ, ಒಂದು ಕಣ್ಣು, ಮೂಗುತಿ. ಅಜ್ಜಿ ಅಂದರೆ ಅಷ್ಟೇ ಅಂದುಕೊಂಡಿದ್ದ. ವೀಸಾ ಸಿಕ್ಕಿ ಕೊನೆಗೂ ನೆವಾರ್ಕ್ ಏರ್‌ಪೋರ್ಟಿನಲ್ಲಿ ಅಮ್ಮ ಟ್ರಾಲಿ ತಳ್ಳಿಕೊಂಡು ಬಂದರು. ಇವನು ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಹಿಂದೆ ಹೋಗಿ ಜಡೆ ಮುಟ್ಟಿ ನೋಡಿದ. ಆಮೇಲೆ ಕೆಳಗೆ ನೋಡಿ ಕೂಗಿದ: "ಅಮ್ಮಾ! ಅಜ್ಜಿಗೆ ಕಾಲೂ ಇದೆ!"

ಪಕ್ಕದಲ್ಲಿ ಯಾರೋ ಕನ್ನಡದವರು ಇದ್ದರು ಅನ್ನಿಸುತ್ತೆ, ಜೋರಾಗಿ ನಕ್ಕರು.

ಅಮ್ಮ ಬಂದ ಮೇಲೆ ಒಂದು ತೊಂದರೆ. ಇಲ್ಲಿಯ ಡೇಕೇರಿನಲ್ಲಿ ಅವನೇ ಬ್ಯಾಗ್ ತೆಗೆದಿಡಬೇಕು, ಅವನೇ ಕೋಟು ಹಾಕಿಕೊಳ್ಳಬೇಕು. ಹಾಕಿಕೊಳ್ಳುತ್ತಾನೆ. ಮನೆಯಲ್ಲಿ ಅಜ್ಜಿ ಇದ್ದಾಗ ಮಾತ್ರ ಎರಡೂ ಕೈ ಚಾಚಿ ರಾಜನ ಹಾಗೆ ನಿಲ್ಲುತ್ತಾನೆ. ನಾನು "ಅವನೇ ಮಾಡಲಿ ಬಿಡಮ್ಮ" ಅಂದರೆ ಅಮ್ಮ "ನಾನಿರೋ ತನಕ ಮಾಡ್ತೀನಿ ಬಿಡು, ಆಮೇಲೆ ಅವನೇ ಅಲ್ವಾ" ಅನ್ನುತ್ತಾರೆ. ವೀಸಾ ಮುಗಿದು ಊರಿಗೆ ಹೋಗುವವರೆಗೆ ಅಂತ ಅವರ ಅರ್ಥ, ಆದರೂ ಮುಂದೆ ಮಾತಾಡಲು ಆಗುವುದಿಲ್ಲ.

ಅಪಾರ್ಟ್‌ಮೆಂಟ್ ವಾಸಿ

ತಮಾಷೆ ನಡುವೆ ಒಂದು ಗಂಭೀರ ವಿಷಯ. "ನಾನೇ" ಶುರುವಾದ ಮನೆಯಲ್ಲಿ ಮೊದಲು ಬಚ್ಚಲಿನ ಒಳಚಿಲಕ ನೋಡಿ. ನಮ್ಮ ಮಗಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಹಾಕಲು ಬಂತು, ತೆಗೆಯಲು ಬರಲಿಲ್ಲ. ಗೀಸರ್ ಆನ್ ಇತ್ತು. ನಾನು ಹೊರಗೆ ಬೆವರುತ್ತಿದ್ದರೆ ಒಳಗಿನಿಂದ "ಅಮ್ಮ ಹೆದರ್ಬೇಡ, ನಾನಿದೀನಿ" ಅಂತ ಧೈರ್ಯ ಹೇಳುತ್ತಿದ್ದಳು. ಕೊನೆಗೆ ವಾಚ್‌ಮನ್ ಬಂದು ವೆಂಟಿಲೇಟರಿನ ಗಾಜಿನ ಪಟ್ಟಿ ತೆಗೆದು, ಕೋಲಿನಿಂದ ಚಿಲಕ ಸರಿಸಿದರು.

ಈಗ ಒಳಚಿಲಕ ನನ್ನ ಭುಜದ ಎತ್ತರಕ್ಕೆ ಹೋಗಿದೆ. ಬಡಗಿ ಬರುವವರೆಗೆ ಬಾಗಿಲಿನ ಮೇಲಂಚಿಗೆ ದಪ್ಪ ಟವೆಲ್ ಹಾಕಿಡುತ್ತಿದ್ದೆ, ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಬಕೆಟ್ ಯಾವಾಗಲೂ ಖಾಲಿ ಮಾಡಿ ಕವುಚಿ ಇಡುತ್ತೇನೆ. ಪುಟ್ಟ ಮಕ್ಕಳು ತಲೆಕೆಳಗಾಗಿ ಬಿದ್ದರೆ ನಾಲ್ಕು ಬೆರಳು ನೀರೂ ಅಪಾಯವೇ, ತಾವಾಗಿ ಮೇಲೆ ಏಳಲು ಆಗುವುದಿಲ್ಲ.

ಬೆಳಗಿನ ವ್ಯಾನ್

ನೀವೆಲ್ಲ "ನಾನೇ" ಅನ್ನು ಹೊಗಳುತ್ತಿದ್ದೀರಿ. ನಮ್ಮ ಬೀದಿಗೆ ಸ್ಕೂಲ್ ವ್ಯಾನ್ ಎಂಟೂ ಹತ್ತಕ್ಕೆ. ಡ್ರೈವರ್ ಎರಡು ಹಾರ್ನ್ ಹೊಡೆದು ಹೊರಟುಬಿಡುತ್ತಾನೆ. ಎಂಟಕ್ಕೆ ನಮ್ಮ ಎಲ್‌ಕೆಜಿ ಸಾಹೇಬರು ಶರ್ಟಿನ ಮೊದಲ ಗುಂಡಿಯಲ್ಲೇ ಇರುತ್ತಾರೆ. ಹಾಕಲು ಹೋದರೆ ಬಿಚ್ಚಿ ಮತ್ತೆ ಮೊದಲಿಂದ. ಯಾವ ಪುಸ್ತಕದಲ್ಲಿ ಬರೆದಿದ್ದಾರೋ ಏನೋ, ಮಕ್ಕಳಿಗೆ ಸಮಯ ಕೊಡಿ ಅಂತ. ಬರೆದವರ ಮನೆಗೆ ವ್ಯಾನ್ ಬರುತ್ತಿರಲಿಲ್ಲ.

ತುಂಗೆಯ ದಡ, ಶಿವಮೊಗ್ಗ

ಹ್ಹಹ್ಹ, ಅದು ನಿಜ. ಗುಂಡಿ ವಿಷಯ ನನಗೆ ಗೊತ್ತಿದೆ, ಒಂದು ಭಾನುವಾರ ಪಕ್ಕದಲ್ಲಿ ಸುಮ್ನೆ ಕೂತು ನೋಡಿದೆ. ನಾಲಿಗೆ ತುದಿ ಹೊರಗೆ. ಒಂದು ಕೈಯಲ್ಲಿ ಗುಂಡಿ, ಇನ್ನೊಂದರಲ್ಲಿ ಬಟ್ಟೆ. ಗುಂಡಿಯನ್ನು ತೂತಿಗೆ ತೂರಿಸುತ್ತಾಳೆ, ಆದರೆ ಆ ಕಡೆ ಹಿಡಿದು ಎಳೆಯುವ ಮೊದಲೇ ಈ ಕಡೆ ಕೈ ಬಿಡುತ್ತಾಳೆ. ಗುಂಡಿ ವಾಪಸ್. ಕುತ್ತಿಗೆ ಹತ್ತಿರದ್ದು ಅವಳಿಗೆ ಕಾಣುವುದೇ ಇಲ್ಲ, ಗದ್ದ ಅಡ್ಡ ಬರುತ್ತೆ. ಹಾಗಾಗಿ ಕೆಳಗಿನ ಗುಂಡಿಯಿಂದ ಶುರು ಮಾಡಿಸಿದೆ. ಅದು ಹೊಟ್ಟೆಯ ಮೇಲೆ ಕಣ್ಣಿಗೆ ಕಾಣುತ್ತೆ. ಅರ್ಧ ತೂರಿಸಿದ್ದನ್ನು ನಾನು ಮಾಡಿಕೊಟ್ಟು, ಎಳೆಯುವುದಷ್ಟೇ ಅವಳಿಗೆ ಬಿಟ್ಟೆ. ಎಳೆದಳು, ಬಂತು. "ನಾನೇ ಹಾಕ್ದೆ!" ಅಂತ ಮನೆಯಲ್ಲಿ ಎಲ್ಲರಿಗೂ ಹೊಟ್ಟೆ ತೋರಿಸಿ ಬಂದಳು. ಅರ್ಧ ನಾನು ಮಾಡಿದ್ದು ಲೆಕ್ಕಕ್ಕೇ ಇಲ್ಲ.

ಬೆಳಿಗ್ಗೆ ಇದೆಲ್ಲ ಆಗುವ ಮಾತಲ್ಲ, ಒಪ್ಪುತ್ತೇನೆ. ಸಂಜೆ ಸ್ಕೂಲಿಂದ ಬಂದ ಮೇಲೆ ಬಿಚ್ಚುವುದು ಅವನಿಗೇ ಬಿಡಿ. ಹಾಕುವುದಕ್ಕಿಂತ ಬಿಚ್ಚುವುದು ಸುಲಭ, ವ್ಯಾನೂ ಇರುವುದಿಲ್ಲ.

ಎರಡು ಮಕ್ಕಳ ತಾಯಿ, ಬೆಂಗಳೂರು

ಬೆಳಗಿನ ವ್ಯಾನ್ ಅವರೇ, ಒಂದೇ ಒಂದು ಕೆಲಸ ಪೂರ್ತಿ ಅವನದು ಅಂತ ಮಾಡಿ. ಯಾವುದು ಅಂತ ಅವನೇ ಆರಿಸಲಿ. ನಮ್ಮವನು ಸಾಕ್ಸ್ ಆರಿಸಿದ. ಹಿಮ್ಮಡಿ ಮೇಲೆ ಬರುತ್ತೆ, ಒಂದೊಂದು ದಿನ ಎರಡು ಬಣ್ಣ. ನಾನು ಕಣ್ಣು ಮುಚ್ಚಿಕೊಂಡಿದ್ದೇನೆ. ಉಳಿದದ್ದಕ್ಕೆ ಈಗ ಜಗಳ ಇಲ್ಲ.

ಕನ್ನಡ ಮೇಷ್ಟ್ರು, ಮೈಸೂರು

ತುಂಗೆಯ ದಡದವರೇ, ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ತಾರೀಕು ಹಾಕಿ. ನನ್ನ ಮಗನದು ಬರೆದಿದ್ದೆ. ನೆನಪಿನಲ್ಲಿ ಉಳಿಯುತ್ತದೆ ಅಂತ ಬಿಟ್ಟದ್ದು ಒಂದೂ ಉಳಿದಿಲ್ಲ. ಹೇಗೆ ಹೇಳಿದರೋ ಹಾಗೇ ಬರೆಯಿರಿ, "ಬೀಳಿದೆ" ಅಂದರೆ "ಬೀಳಿದೆ". ಬರೆಯುವಾಗ ತಿದ್ದಿದರೆ ಏನೂ ಉಳಿಯುವುದಿಲ್ಲ.

ಹುಬ್ಬಳ್ಳಿ ಅಪ್ಪ

ನಮ್ಮನೆಯೊಳಗ ಅಜ್ಜನೇ ಬರೆದಿಡತಾರ ಈಗ. ಮೊದಲನೇ ಪುಟದಾಗ ನನಗ ಬೈದಿದ್ದು ಅದ.

ಬೆಳಗಿನ ವ್ಯಾನ್

ಸಾಕ್ಸ್ ಉಪಾಯ ಹೇಳಿದೆ. "ನಂಗೆ ಸಾಕ್ಸ್ ಬೇಡ, ಹಾರ್ನ್ ಹೊಡ್ಯೋದು ನಾನೇ" ಅಂದ. ಡ್ರೈವರನ್ನು ಕೇಳಬೇಕು.